ಹುಟ್ಟುಗುಣ ಸುಟ್ಟರೂ ಹೋಗದೋ?

ನಮ್ಮ ಹಳ್ಳಿಗಳಲ್ಲಿ ಹಿರಿಯರು ಆಗಾಗ ಆಡುವ ಎರಡು ಗಾದೆಗಳುಂಟು. ಹುಟ್ಟುಗುಣ ಸುಟ್ಟರೂ ಹೋಗದು ಎಂಬದು ಒಂದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬದು ಇನ್ನೊಂದು. ಗಾದೆಗಳು ಬಹುಕಾಲದ ಅನುಭವದಿಂದ ಹುಟ್ಟಿದವುಗಳಾದದರಿಂದ ಅವುಗಳನ್ನು ಹಗುರವಾಗಿ ತಳ್ಳಿಬಿಡತಕ್ಕದ್ದಲ್ಲ. ಆದರೂ ಗಾದೆಯು ಮಾತಿಗೆ ಒಗ್ಗರಣೆಯಾಗಿರುವ ವರೆಗೆ ಒಳ್ಳೇದು. ಅದೇ ನ್ಯಾಯಾಧಿಪತಿಯಾಗಿ ಕೂತು ಮನುಷ್ಯನ ಮೇಲೆ ತೀರ್ಪು ಹೇಳತೊಡಗಿದರೆ, ಅದರ ಸಾಕ್ಷಿಯನ್ನು ವಿಚಾರಿಸುವದು ನಮ್ಮ ಕರ್ತವ್ಯವಾಗುವದು.

ಈ ತೀರ್ಪು ಎಲ್ಲಿ ಹೇಳಲ್ಪಡುತ್ತದೆಂದು ಕೇಳುವಿರೋ? ಮದುವೆಯ ಮಾತುಕತೆಯಲ್ಲಿ ಹೇಳಲ್ಪಡುತ್ತದೆ. ಕಲಬುರಗಿಯಿಂದ ಕಮಲಾಪುರದ ವರೆಗಿನ ಊರುಗಳಲ್ಲಿ ಇಂಥ ಮಾತು ಯಾರ ಕಿವಿಗೆ ಬಿದ್ದಿಲ್ಲ? “ಹುಡುಗ ಛಲೋ ಇದ್ದಾನ, ಖರೆ, ಆದ್ರ ಅವನ ಅಪ್ಪನ ಸುದ್ದಿ ನಿಮಗ ಗೊತ್ತದಲ್ರಿ? ರಕ್ತದಾಗ ಬಂದದ್ದು ಎಲ್ಲಿ ಹೋಗ್ತದ?” ತಂದೆಯು ಕುಡುಕನಾಗಿದ್ದದರಿಂದ, ಒಂದು ತೊಟ್ಟನ್ನೂ ಮುಟ್ಟದ ಮಗನು ಬಾಗಲಿಂದ ಹಿಂದಕ್ಕೆ ಕಳುಹಿಸಲ್ಪಡುತ್ತಾನೆ. ಶಾಲೆಯಲ್ಲಿಯೂ ಹಾಗೆಯೇ. ಓದಿನಲ್ಲಿ ಹಿಂದೆ ಬಿದ್ದ ಹುಡುಗಿಯನ್ನು ನೋಡಿ, ಇವರ ಮನೆತನದಲ್ಲಿ ಅಕ್ಷರವೇ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಅದೇ ಗಾದೆ ಬೇರೆ ವೇಷದಿಂದ ಬರುವದು.

ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಕೊಳಗ ಎಂಥದೆಂದು ನಮ್ಮ ಸಭೆಗಳವರಿಗೆ ಯಾರೂ ಕಲಿಸಬೇಕಾಗಿಲ್ಲ. ಅನೇಕರ ಅಜ್ಜಂದಿರು ಆ ಕೊಳಗದಿಂದಲೇ ಅಳೆಯಲ್ಪಟ್ಟು ಊರ ಹೊರಗೆ ಇಡಲ್ಪಟ್ಟವರು. ಕಮಲಾಪುರವನ್ನು ದಾಟಿ ಹುಮನಾಬಾದಿನ ಮೇಲಿಂದ ಹೋಗುವ ದಾರಿ ಬಸವಕಲ್ಯಾಣವನ್ನು ಮುಟ್ಟುತ್ತದಷ್ಟೆ. 12ನೆಯ ಶತಮಾನದಲ್ಲಿ ಆ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದರ ನಿಮಿತ್ತ ಎಂಥ ಘೋರ ಶಿಕ್ಷೆ ನಡೆಯಿತೆಂದು ಈ ಸೀಮೆಯ ಜನರೆಲ್ಲರೂ ಕೇಳಿಬಲ್ಲರು. ಹೀಗಿರುವಾಗ, ಆ ಕೊಳಗದ ನೋವನ್ನು ಉಂಡವರ ಮನೆಗಳಲ್ಲಿಯೇ ನೆರೆಯವನ ಮಗನನ್ನು ಅಳೆಯುವದಕ್ಕೆ ಅದನ್ನೇ ತೆಗೆದು ಇಟ್ಟುಕೊಂಡಿರುವದು ವಿಚಿತ್ರವಲ್ಲವೇ? ಆದದರಿಂದ ಕೇಳೋಣ: ತಂದೆತಾಯಿಗಳಿಂದ ಮಗುವಿಗೆ ನಿಜವಾಗಿ ಬರುವದೇನು? ಅದು ಸುಟ್ಟರೂ ಹೋಗದಂಥದೋ? ಇದಕ್ಕೆ ಉತ್ತರವನ್ನು ಕೊಡಬಲ್ಲ ಒಂದು ಸಣ್ಣ ವಸ್ತು ನಮ್ಮ ಪ್ರತಿಯೊಬ್ಬರ ಶರೀರದಲ್ಲಿಯೂ ಇದೆ. ಅದಕ್ಕೆ ಹಿಸ್ಟೋನ್ ಎಂದು ಹೆಸರು.

ಗೋಡೆಯು ಇಟ್ಟಿಗೆಗಳಿಂದ ಕಟ್ಟಲ್ಪಟ್ಟಿರುವ ಹಾಗೆ ಶರೀರವು ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಕೋಶದ ನಡುವೆ ಒಂದು ಸಣ್ಣ ಗೂಡು ಉಂಟು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಆ ಗೂಡಿನ ಅಗಲ ಆರರಿಂದ ಹತ್ತು ಪಾಲು ಮಾತ್ರ. ಅದರೊಳಗೆ ತಂದೆತಾಯಿಗಳಿಂದ ಬಂದ ನೂಲು ಇರುವದು. ಪಂಡಿತರು ಅದನ್ನು ಡಿ.ಎನ್.ಎ. ಎನ್ನುತ್ತಾರೆ. ಒಂದು ಕೋಶದ ಆ ನೂಲನ್ನೆಲ್ಲಾ ಬಿಚ್ಚಿ ಒಂದರ ತುದಿಗೆ ಒಂದನ್ನು ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುವದು, ಅಂದರೆ ಒಬ್ಬ ಎತ್ತರದ ಗಂಡಸಿಗಿಂತಲೂ ಉದ್ದ. ಇಷ್ಟು ಉದ್ದದ ನೂಲು ಕಣ್ಣಿಗೆ ಕಾಣದ ಗೂಡಿನೊಳಗೆ ಗಂಟಾಗದೆ ಸಿಕ್ಕಾಗದೆ ಕೂತಿರುವದು ಹೇಗೆ?

ಕಲಬುರಗಿ ಪಟ್ಟಣದಲ್ಲಿ ಎಂ.ಎಸ್.ಕೆ. ಮಿಲ್ ಎಂಬ ಹೆಸರನ್ನು ಎಲ್ಲರೂ ಬಲ್ಲರು. ನಿಜಾಮರಾದ ಮಹಬೂಬ ಅಲಿ ಖಾನರ ಹೆಸರನ್ನು ಹೊತ್ತ ಆ ಗಿರಣಿ ಈಗ ನಡೆಯುವದಿಲ್ಲ. ಆದರೂ ಇಂಥ ಗಿರಣಿಯಲ್ಲಿ ದುಡಿದವರ ಮಕ್ಕಳನ್ನು ಕೇಳಿದರೆ, ನೂಲನ್ನು ಹಾಗೆಯೇ ರಾಶಿ ಹಾಕಿದರೆ ಕೆಲಸಕ್ಕೆ ಬಾರದು, ಕಂಡಿಕೆಗೆ ಸುತ್ತಿ ಇಟ್ಟರೆ ಬೇಕಾದಾಗ ಬಿಚ್ಚಬಹುದು ಎಂದು ಹೇಳಿಯಾರು. ಹಿಸ್ಟೋನ್ ಎಂಬ ಪ್ರೋಟೀನು ಆ ಕಂಡಿಕೆಯೇ. ಎಂಟು ಹಿಸ್ಟೋನುಗಳು ಕೂಡಿ ಒಂದು ಕಂಡಿಕೆಯಾಗುವದು. ನೂಲು ಅದರ ಸುತ್ತಲೂ ಎರಡು ಸುತ್ತಿಗೆ ತುಸು ಕಡಿಮೆಯಾಗಿ ಸುತ್ತಿಕೊಂಡು ಮುಂದಿನ ಕಂಡಿಕೆಗೆ ಹೋಗುವದು. ಮನುಷ್ಯನ ಒಂದೊಂದು ಕೋಶದಲ್ಲಿ ಇಂಥ ಕಂಡಿಕೆಗಳು ಸುಮಾರು 3 ಕೋಟಿ ಇರುವವು.

ಈ ಜ್ಞಾನ ಒಂದೇ ದಿವಸದಲ್ಲಿ ದೊರಕಿದ್ದಲ್ಲ. 1869ರಲ್ಲಿ ಫ್ರೀಡ್ರಿಕ್ ಮೀಶರ್ ಎಂಬ ತರುಣ ವೈದ್ಯರು ಜರ್ಮನಿಯ ಟ್ಯೂಬಿಂಗೆನ್ ಊರಿನಲ್ಲಿ, ಆಸ್ಪತ್ರೆಯವರು ಬಿಸಾಡುವ ಕೀವಿನ ಬಟ್ಟೆಗಳನ್ನು ತರಿಸಿ ತೊಳೆದು, ಅವುಗಳಲ್ಲಿಯ ಕೋಶಗಳಿಂದ ಆ ನೂಲಿನ ದ್ರವ್ಯವನ್ನು ಮೊದಲು ಬೇರ್ಪಡಿಸಿದರು. ಅವರು ಬಾಸೆಲ್ ಊರಿನವರು. ಆ ಊರಿನ ಹೆಸರು ಕನ್ನಡ ಸಭೆಗಳಿಗೆ ಅಪರಿಚಿತವಲ್ಲ. 1884ರಲ್ಲಿ ಆಲ್ಬ್ರೆಕ್ಟ್ ಕೋಸೆಲ್ ಎಂಬವರು ಹೆಬ್ಬಾತಿನ ರಕ್ತದ ಕೋಶಗಳಲ್ಲಿ ಹಿಸ್ಟೋನನ್ನು ಕಂಡು ಅದಕ್ಕೆ ಆ ಹೆಸರಿಟ್ಟರು. ಜೀವಕೋಶದ ರಸಾಯನದ ಮೇಲಿನ ಕೆಲಸಕ್ಕಾಗಿ 1910ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರಕಿತು. ಅದು ಕಂಡಿಕೆಯ ಹಾಗೆ ಕೆಲಸಮಾಡುತ್ತದೆಂದು 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಎಂಬವರು ತಿಳಿಸಿದರು. 1997ರಲ್ಲಿ ಆ ಕಂಡಿಕೆಯ ಸೂಕ್ಷ್ಮ ಚಿತ್ರ ಪ್ರಕಟವಾಯಿತು.

ಈ ಹಿಸ್ಟೋನನ್ನು ಮಾಡುವ ವಿಧಿಯು ಎಲ್ಲಿ ಬರೆಯಲ್ಪಟ್ಟಿದೆ? ಆ ನೂಲಿನಲ್ಲಿಯೇ. ಅಂಥ ಒಂದೊಂದು ಬರಹಕ್ಕೆ ವಂಶವಾಹಿ ಎಂದು ಹೆಸರು. ಮನುಷ್ಯನಲ್ಲಿ ಹಿಸ್ಟೋನಿನ ವಂಶವಾಹಿ ಒಂದಲ್ಲ, ಹಲವು ಇವೆ. ಅವುಗಳ ದೊಡ್ಡ ಗುಂಪು 6ನೆಯ ವರ್ಣತಂತುವಿನ ಮೇಲೆ ಇದೆ. ಯಾಕಂದರೆ ಒಂದು ಕೋಶವು ಎರಡಾಗುವ ಮೊದಲು ನೂಲೆಲ್ಲಾ ಇಮ್ಮಡಿಯಾಗುವದು, ಆ ಹೊತ್ತಿಗೆ ಕೋಟಿಗಟ್ಟಲೆ ಹೊಸ ಕಂಡಿಕೆಗಳು ಬೇಕಾಗುವವು. ಒಂದೇ ಬರಹವನ್ನು ನೋಡಿ ಮಾಡುತ್ತಾ ಕೂತರೆ ಸಾಲದು.

ಇಲ್ಲಿ ಒಂದು ಆಶ್ಚರ್ಯವುಂಟು. 1969ರಲ್ಲಿ ಪಂಡಿತರು ಬಟಾಣಿ ಗಿಡದ ಒಂದು ಹಿಸ್ಟೋನನ್ನೂ ಆಕಳ ಕರುವಿನ ಅದೇ ಹಿಸ್ಟೋನನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೋಲಿಸಿದರು. ಮಣಿಸರದ ಹಾಗೆ 102 ಮಣಿಗಳಿಂದಾದ ಆ ಪ್ರೋಟೀನಿನಲ್ಲಿ ಕೇವಲ ಎರಡು ಮಣಿಗಳು ಬೇರೆಯಾಗಿದ್ದವು. ಮಿಕ್ಕ ನೂರೂ ಒಂದೇ. ತೊಗರಿಯ ಹೊಲದಲ್ಲಿಯೂ, ಕೊಟ್ಟಿಗೆಯಲ್ಲಿಯೂ, ಗುಡಿಸಲಲ್ಲಿಯೂ, ಮಹಡಿಯ ಮನೆಯಲ್ಲಿಯೂ ಜೀವದ ನೂಲು ಸುತ್ತಲ್ಪಟ್ಟಿರುವದು ಒಂದೇ ಬಗೆಯ ಕಂಡಿಕೆಯ ಮೇಲೆ. ಗಿಡಕ್ಕೂ ಕರುವಿಗೂ ಇಷ್ಟೇ ಭೇದವಾದರೆ, ಒಂದೇ ಊರಿನ ಎರಡು ಕೇರಿಗಳ ನಡುವೆ ರಕ್ತದ ಹೆಸರಿನಿಂದ ಎಬ್ಬಿಸಿದ ಗೋಡೆಗೆ ಈ ಕಂಡಿಕೆಯಲ್ಲಿ ಯಾವ ಆಧಾರವೂ ಸಿಕ್ಕುವದಿಲ್ಲ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಕಂಡಿಕೆಯ ಕೆಲಸವು ಸುತ್ತಿ ಇಡುವದಷ್ಟೇ ಆಗಿದ್ದರೆ, ಗಾದೆಯ ವಿಷಯದಲ್ಲಿ ಅದು ಏನೂ ಹೇಳುತ್ತಿರಲಿಲ್ಲ. ಆದರೆ ನೂಲಿನ ಬಿಗಿಯಾಗಿ ಸುತ್ತಲ್ಪಟ್ಟ ಭಾಗವು ಸಾಮಾನ್ಯವಾಗಿ ಮುಚ್ಚಿದ ಪುಸ್ತಕದ ಹಾಗೆ; ಅದು ಓದಲ್ಪಡುವದಿಲ್ಲ. ಸಡಿಲಾದ ಭಾಗ ಮಾತ್ರ ಓದಲ್ಪಟ್ಟು ಕಾರ್ಯಕ್ಕೆ ಬರುವದು. ಹಿಸ್ಟೋನುಗಳಿಂದ ಬಾಲದಂಥ ಎಳೆಗಳು ಹೊರಗೆ ಚಾಚಿಕೊಂಡಿರುವವು. ಆ ಎಳೆಗಳ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಕೂತಾಗ ಸುತ್ತು ಸಡಿಲಾಗುವದು ಅಥವಾ ಬಿಗಿಯಾಗುವದು. ವಿನ್ಸೆಂಟ್ ಆಲ್‌ಫ್ರೀ ಎಂಬವರೂ ಅವರ ಜೊತೆಗಾರರೂ 1964ರಲ್ಲಿಯೇ ಈ ಗುರುತುಗಳಿಗೂ ನೂಲಿನ ಓದಿಗೂ ಸಂಬಂಧವಿರಬೇಕೆಂದು ಸೂಚಿಸಿದ್ದರು. ನಮ್ಮ ಕಣ್ಣಿನ ಕೋಶದಲ್ಲಿಯೂ ಕರುಳಿನ ಕೋಶದಲ್ಲಿಯೂ ನೂಲು ಒಂದೇ. ಬಿಚ್ಚಿ ಓದಲ್ಪಡುವ ಪುಟಗಳು ಬೇರೆ ಬೇರೆಯಾದದರಿಂದಲೇ ಒಂದು ನೋಡುತ್ತದೆ, ಇನ್ನೊಂದು ಅನ್ನವನ್ನು ಅರಗಿಸುತ್ತದೆ. ಜೇನುಗೂಡನ್ನು ನೋಡಿರಿ. ರಾಣಿಯೂ ದುಡಿಯುವ ನೊಣವೂ ಒಂದೇ ಬಗೆಯ ತತ್ತಿಯಿಂದ ಹುಟ್ಟುವವು. ಮರಿಯಾಗಿದ್ದಾಗ ಸಿಕ್ಕಿದ ಆಹಾರದ ಭೇದದಿಂದ ಒಂದು ರಾಣಿಯಾಗುವದು, ಇನ್ನೊಂದು ಕೂಲಿಯಾಗುವದು.

ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಒಂದೇ ತತ್ತಿ ಎರಡಾಗಿ ಹುಟ್ಟಿದ ಅವಳಿಜವಳಿಗಳ ನೂಲು ಒಂದೇ. ಸ್ಪೇನ್ ದೇಶದ ಪಂಡಿತರ ಮುಂದಾಳುತನದಲ್ಲಿ ಅಂಥ 40 ಜೋಡಿಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಫಲವೇನಂದರೆ, ಎಳೆಯ ಜೋಡಿಗಳಲ್ಲಿ ನೂಲಿನ ಮೇಲಿನ ಮತ್ತು ಹಿಸ್ಟೋನಿನ ಮೇಲಿನ ಗುರುತುಗಳು ಬಹಳ ಮಟ್ಟಿಗೆ ಒಂದೇ ಆಗಿದ್ದವು. ವಯಸ್ಸಾದ ಜೋಡಿಗಳಲ್ಲಿ, ಅದರಲ್ಲಿಯೂ ಬೇರೆ ಬೇರೆಯಾಗಿ ಜೀವಿಸಿದವರಲ್ಲಿ, ಹೆಚ್ಚು ಭೇದ ಕಂಡುಬಂತು. ನೂಲು ಹುಟ್ಟಿನದು, ಸುತ್ತು ಬಾಳಿನೊಂದಿಗೆ ಬದಲಾಗುವದು.

ಕುಡುಕನ ಮಗನ ವಿಷಯವನ್ನು ಇನ್ನೂ ಹತ್ತಿರದಿಂದ ವಿಚಾರಿಸೋಣ. ತಂದೆಯ ಬಾಳು ಅವನ ಕೋಶಗಳಲ್ಲಿ ಗುರುತು ಮಾಡುವದು ನಿಜವಾದರೆ, ಆ ಗುರುತುಗಳೆಲ್ಲಾ ಮಗನಿಗೆ ದಾಟುವವೋ? ಇಲ್ಲಿಯೇ ಹಿಸ್ಟೋನಿನ ವಿಷಯದಲ್ಲಿ ಬಹಳ ಮುಖ್ಯವಾದ ಸಂಗತಿಯಿದೆ. ಗಂಡಿನ ಬೀಜಕಣ ಸಿದ್ಧವಾಗುವಾಗ ಅದರೊಳಗಿನ ಹಿಸ್ಟೋನುಗಳಲ್ಲಿ ಬಹುಪಾಲು ತೆಗೆಯಲ್ಪಟ್ಟು, ಅವುಗಳ ಸ್ಥಳದಲ್ಲಿ ಪ್ರೋಟಮಿನ್ ಎಂಬ ಬೇರೆ ಪ್ರೋಟೀನು ಕೂಡ್ರುವದು. 100ರಲ್ಲಿ ಸುಮಾರು 5ರಿಂದ 15 ಪಾಲು ಹಿಸ್ಟೋನುಗಳು ಮಾತ್ರ ಉಳಿಯುವವು. ಬೀಜಕಣವು ತಾಯಿಯ ಅಂಡವನ್ನು ಸೇರಿದ ಕೆಲವು ತಾಸುಗಳಲ್ಲಿ ಆ ಪ್ರೋಟಮಿನೂ ಬಿಚ್ಚಿಹೋಗಿ, ತಾಯಿಯು ಅಂಡದಲ್ಲಿ ಕೂಡಿಟ್ಟ ಹೊಸ ಹಿಸ್ಟೋನುಗಳ ಮೇಲೆ ತಂದೆಯ ನೂಲು ಹೊಸದಾಗಿ ಸುತ್ತಲ್ಪಡುವದು. ಹೇಗಂದರೆ, ಹಳೆಯ ಕಂಡಿಕೆಯಿಂದ ನೂಲನ್ನು ಬಿಚ್ಚಿ, ಮಗುವಿಗಾಗಿ ಹೊಸ ಕಂಡಿಕೆಗೆ ಸುತ್ತಿದ ಹಾಗೆ. ತಂದೆಯಿಂದ ನೂಲು ಬಂತು. ತಂದೆಯ ಸುತ್ತು ಬಹುತೇಕ ಬರಲಿಲ್ಲ.

ಇದನ್ನು ಕೇಳಿ ಒಕ್ಕಲಿಗನೊಬ್ಬನು ಆಕ್ಷೇಪಿಸಬಹುದು: “ಹುಟ್ಟಿಗೆ ಬೆಲೆಯಿಲ್ಲದಿದ್ದರೆ ನಾವು ಬೀಜವನ್ನು ಆರಿಸುವದು ಯಾಕೆ?” ಇದು ನ್ಯಾಯವಾದ ಮಾತು; ಉತ್ತರ ಕೊಡದೆ ಬಿಡಕೂಡದು. ಹುಟ್ಟಿಗೆ ಬೆಲೆಯುಂಟು. ನಮ್ಮ ಸೀಮೆಯ ತೊಗರಿಗೆ ನೆಟೆ ರೋಗ ಬಂದರೆ ನಿಂತ ಗಿಡ ಒಣಗಿಹೋಗುವದು. ಮಾರುತಿ ಎಂಬ ತಳಿಯು ಆ ರೋಗವನ್ನು ತಾಳಿಕೊಳ್ಳುವದು. ಇದು ನೂಲಿನ ಗುಣವೇ ಹೊರತು ಆರೈಕೆಯ ಗುಣವಲ್ಲ. ಮನುಷ್ಯರಲ್ಲಿಯೂ ಕೆಲವು ರೋಗಗಳೂ ಕೆಲವು ಒಲವುಗಳೂ ನೂಲಿನಿಂದ ಬರುವದುಂಟು. ಕುಡಿತದ ಚಟಕ್ಕೆ ಬೇಗ ಸಿಕ್ಕಿಬೀಳುವ ಒಲವು ಕೂಡ ಕೆಲವು ಮನೆತನಗಳಲ್ಲಿ ಹೆಚ್ಚಾಗಿರುವದೆಂದು ವೈದ್ಯರು ಬಲ್ಲರು. ಇದನ್ನು ಮುಚ್ಚಿಟ್ಟು ಸಿಹಿಮಾತು ಆಡುವದು ಸತ್ಯವಲ್ಲ.

ಆದರೆ ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಬನ್ನಿರಿ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸಿಕ್ಕುವ ಈ ಊರಿನ ಹಣ್ಣು ಭೌಗೋಳಿಕ ಸೂಚಕದ ಮಾನ್ಯತೆಯನ್ನು ಹೊಂದಿದೆ. ಬೆಲೆಯ ದೆಸೆಯಿಂದ ಜನರು ಅದನ್ನು ಶ್ರೀಮಂತರ ಹಣ್ಣು ಎನ್ನುತ್ತಾರೆ. ಬಾಳೆಗೆ ಬಿತ್ತುವ ಬೀಜವಿಲ್ಲ. ತಾಯಿಗಿಡದ ಬುಡದಲ್ಲಿಯ ಕಂದನ್ನು ಕಿತ್ತು ನೆಡುತ್ತಾರೆ. ಆದದರಿಂದ ತಾಯಿಯ ನೂಲೂ ಕಂದಿನ ನೂಲೂ ಒಂದೇ. ಹುಟ್ಟೇ ಎಲ್ಲವೂ ಆಗಿದ್ದರೆ, ಕಂದನ್ನು ನೆಟ್ಟ ಮೇಲೆ ಒಕ್ಕಲಿಗನು ಮನೆಗೆ ಹೋಗಿ ಮಲಗಬಹುದಾಗಿತ್ತು. ಅವನು ಹಾಗೆ ಮಾಡುವನೋ? ಸುಮಾರು 18 ತಿಂಗಳು ಗೊಬ್ಬರ ಹಾಕಿ, ನೀರು ಕಟ್ಟಿ, ಗೊನೆಯನ್ನು ಕಾಯುತ್ತಾನೆ. ಆ ಮಾನ್ಯತೆಯ ಅರ್ಥವೂ ಇದೇ: ಒಳ್ಳೇ ಕಂದು ಇದ್ದರೆ ಸಾಲದು, ಇಂಥ ನೆಲವೂ ಇಂಥ ಆರೈಕೆಯೂ ಬೇಕು. ನೀರು ಕಟ್ಟದೆ ಒಣಗಿಸಿದವನು ಕಂದಿನ ಕುಲ ಕೆಟ್ಟದ್ದೆಂದು ಹೇಳಿದರೆ ಊರವರು ನಗುವರು. ಮಕ್ಕಳ ವಿಷಯದಲ್ಲಿ ಹಾಗೆ ಹೇಳುವವನನ್ನು ಮಾತ್ರ ಅನುಭವಸ್ಥನೆಂದು ಯಾಕೆ ಕರೆಯಬೇಕು?

ಇಲ್ಲಿ ಇನ್ನೊಂದು ಭೇದವನ್ನೂ ಗಮನಿಸತಕ್ಕದ್ದು. ತೊಗರಿಯ ಗಿಡಕ್ಕೆ ತನ್ನ ದೌರ್ಬಲ್ಯ ತಿಳಿಯದು, ಮನುಷ್ಯನಿಗೆ ತಿಳಿಯುವದು. ತನ್ನ ತಂದೆಯು ಹೇಗೆ ಬಿದ್ದನೆಂದು ಕಣ್ಣಾರೆ ಕಂಡ ಮಗನು ಆ ಹಾದಿಯಲ್ಲಿ ಕಾಲಿಡದೆ ಇರುವದಕ್ಕೆ ಶಕ್ತನು. ಒಲವು ಕೃತ್ಯವಲ್ಲ. ಒಲವಿಗಾಗಿ ಯಾರೂ ದೋಷಿಯಲ್ಲ. ಕೃತ್ಯಕ್ಕೆ ಮಾತ್ರ ಲೆಕ್ಕ ಕೊಡಬೇಕು. ಒಬ್ಬನಿಗೆ ಅಂಥ ಒಲವು ಇರಬಹುದೆಂದು ನಮಗೆ ತಿಳಿದುಬಂದರೆ, ಅವನನ್ನು ದೂರ ಇಡುವದಕ್ಕೆ ಅದು ಕಾರಣವಲ್ಲ, ಅವನ ಸಂಗಡ ನಿಲ್ಲುವದಕ್ಕೆ ಕಾರಣ. ನೆಟೆ ರೋಗದ ಹೊಲವೆಂದು ತಿಳಿದ ಒಕ್ಕಲಿಗನು ಹೊಲವನ್ನು ಬಿಟ್ಟು ಓಡುವದಿಲ್ಲ. ಹೆಚ್ಚು ಎಚ್ಚರದಿಂದ ಒಕ್ಕಲುತನ ಮಾಡುತ್ತಾನೆ.

ಇಲ್ಲಿಯ ವರೆಗೆ ಹೇಳಿದ್ದನ್ನು ಕೇಳಿ ಕೆಲವರು ಮತ್ತೊಂದು ತಪ್ಪು ದಾರಿಗೆ ಹೋಗಬಹುದು. ಹುಟ್ಟು ಎಲ್ಲವೂ ಅಲ್ಲ, ನಡತೆಯಿಂದಲೇ ಸುತ್ತು ಬದಲಾಗುವದೆಂದ ಮೇಲೆ, ಯಾರಿಗಾದರೂ ಕೇಡು ಬಂದರೆ ಅವರ ಅಥವಾ ಅವರ ಹೆತ್ತವರ ನಡತೆಯೇ ಕಾರಣವಾಗಿರಬೇಕು ಎಂಬದಾಗಿ. ರೋಗಿಯ ಹಾಸಿಗೆಯ ಬಳಿಗೆ ಗಾದೆಯು ಬೇರೆ ವೇಷದಿಂದ ಬರುತ್ತದೆಂದು ನಾವು ಮೊದಲು ಹೇಳಿದ್ದು ಇದನ್ನೇ. ಮಗುವಿಗೆ ಕಠಿಣ ರೋಗ ಬಂದಾಗ ನೆರೆಯವರು ಅದರ ತಾಯಿಯನ್ನು, “ಬಸುರಿದ್ದಾಗ ಏನು ಮಾಡಿದ್ಯೋ? ಯಾರ ಪಾಪ ಕೂಸಿಗೆ ಬಡೀತೋ?” ಎಂದು ಕೇಳುವದಿಲ್ಲವೋ? ಔಷಧಕ್ಕೆ ಹಣವಿಲ್ಲದವಳಿಗೆ ಈ ಮಾತು ರೋಗಕ್ಕಿಂತಲೂ ಭಾರ.

ಇದಕ್ಕೂ ಹಿಸ್ಟೋನೇ ಉತ್ತರ ಹೇಳಲಿ. ಮಕ್ಕಳಿಗೆ ಬರುವ ಮಿದುಳಿನ ಗಡ್ಡೆಗಳಲ್ಲಿ ಮಿದುಳಿನ ಕಾಂಡದಲ್ಲಿ ಹುಟ್ಟುವ ಒಂದು ಗಡ್ಡೆ ಅತಿ ಕ್ರೂರವಾದದ್ದು. ಶಸ್ತ್ರವೈದ್ಯರು ಅದನ್ನು ಕತ್ತರಿಸಿ ತೆಗೆಯಲಾರರು. ಅದು ಯಾಕೆ ಹುಟ್ಟುತ್ತದೆಂದು ಬಹುಕಾಲ ತಿಳಿದಿರಲಿಲ್ಲ. 2012ರಲ್ಲಿ ಪಂಡಿತರು ಕಂಡದ್ದೇನಂದರೆ, ಇಂಥ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಎಚ್-3 ಎಂಬ ಹಿಸ್ಟೋನನ್ನು ಮಾಡುವ ಹಲವು ವಂಶವಾಹಿಗಳೊಳಗೆ ಒಂದರಲ್ಲಿ, ಒಂದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದ ಹಿಸ್ಟೋನಿನ ಬಾಲದ 27ನೆಯ ಮಣಿ ಬೇರೆಯಾಗಿ, ಕಂಡಿಕೆಯ ಗುರುತುಗಳು ಕೆಟ್ಟು, ಮುಚ್ಚಿರಬೇಕಾದ ಪುಟಗಳು ತೆರೆದುಕೊಂಡು, ಕೋಶವು ಲಂಗುಲಗಾಮಿಲ್ಲದೆ ಬೆಳೆಯುವದು. ಆ ಅಕ್ಷರವನ್ನು ಬದಲಿಸಿದವರು ಯಾರು? ಅದು ತಂದೆಯ ನೂಲಿನಿಂದ ಬಂದದ್ದಲ್ಲ, ತಾಯಿಯ ನೂಲಿನಿಂದ ಬಂದದ್ದಲ್ಲ. ಮಗುವಿನ ಬೇರೆ ಕೋಶಗಳಲ್ಲಿ ಅದು ಇಲ್ಲ. ಬೆಳೆಯುತ್ತಿರುವ ಮಿದುಳಿನ ಒಂದು ಕೋಶದಲ್ಲಿ, ಕೋಟಿ ಕೋಟಿ ಅಕ್ಷರಗಳ ನಡುವೆ, ಒಂದು ಅಕ್ಷರ ತಪ್ಪಿತು. ತಾಯಿಯು ಉಂಡದ್ದರಿಂದಾಗಲಿ ಉಣ್ಣದ್ದರಿಂದಾಗಲಿ, ತಂದೆಯ ಸಾಲದಿಂದಾಗಲಿ ಜಗಳದಿಂದಾಗಲಿ ಅದು ತಪ್ಪಿತೆಂದು ಯಾವ ಸಾಕ್ಷಿಯೂ ಇಲ್ಲ.

ಹಾಗಾದರೆ ಅಂಥ ತಾಯಿಗೆ ನಾವು ಕೊಡತಕ್ಕ ಉತ್ತರವೇನು? “ತಂಗೀ, ಇದು ನಿನ್ನಿಂದ ಆದದ್ದಲ್ಲ” ಎಂಬದೇ. ಆ ಮಾತು ರೋಗವನ್ನು ಗುಣಮಾಡದು; ಆದರೆ ಅವಳ ಮೇಲೆ ಹೊರಿಸಿದ ಸುಳ್ಳು ಹೊರೆಯನ್ನು ಇಳಿಸುವದು. ಆ ಮೇಲೆ ಉಳಿದ ನಿಜವಾದ ಹೊರೆಗೆ ನಾವೂ ಹೆಗಲು ಕೊಡಬೇಕು. ಅವಳ ಮನೆಯ ಒಲೆಯನ್ನು ಹೊತ್ತಿಸುವದು, ಆಸ್ಪತ್ರೆಗೆ ಹೋಗುವಾಗ ಜೊತೆಗೆ ಹೋಗುವದು, ಮಿಕ್ಕ ಮಕ್ಕಳನ್ನು ನೋಡಿಕೊಳ್ಳುವದು ನೆರೆಯವರ ಕೆಲಸ. ಕಾರಣವನ್ನು ಹುಡುಕುತ್ತೇನೆಂದು ಬಾಗಲಲ್ಲಿ ನಿಂತವನಿಗಿಂತ ನೀರಿನ ಕೊಡ ಹೊತ್ತು ಒಳಗೆ ಬಂದವಳು ಹೆಚ್ಚು ತಿಳಿದವಳು.

ಗಾದೆಗಳ ಗತಿ ಏನಾಯಿತು? ನೂಲಿನಂತೆ ಸೀರೆ ಎಂಬದು ಅರ್ಧ ಸತ್ಯ. ಒಂದೇ ನೂಲಿನಿಂದ ಧೋತರವನ್ನೂ ನೇಯಬಹುದು, ಸೀರೆಯನ್ನೂ ನೇಯಬಹುದು. ನೂಲು ಗಟ್ಟಿಯಾಗಿದ್ದರೂ ನೇಯುವವನು ಮೈಗಳ್ಳನಾಗಿದ್ದರೆ ಬಟ್ಟೆ ಜಾಳಾಗುವದು. ಹುಟ್ಟುಗುಣ ಸುಟ್ಟರೂ ಹೋಗದು ಎಂಬದೂ ಅರ್ಧ ಸತ್ಯ. ನೂಲು ಹೋಗದು, ಆದರೆ ಅದರ ಮೇಲಿನ ಬರಹವೆಲ್ಲಾ ಓದಲ್ಪಡಲೇಬೇಕೆಂಬ ವಿಧಿಯಿಲ್ಲ. ಬಾಳೂ ಅನ್ನವೂ ಸಹವಾಸವೂ ಅದರ ಓದಿನಲ್ಲಿ ಪಾಲುಗೊಳ್ಳುವವು; ಕೆಲವೊಮ್ಮೆ ಯಾರ ಕೈಯೂ ಇಲ್ಲದೆ ಒಂದು ಅಕ್ಷರ ತಪ್ಪುವದು.

ಆದದರಿಂದ, ಪ್ರಿಯರೇ, ಮದುವೆಯ ಮಾತಿಗೆ ಕೂತ ತಂದೆಯು ವಿಚಾರಣೆ ಮಾಡಬಾರದೆಂದು ನಾವು ಹೇಳುವದಿಲ್ಲ, ಚೆನ್ನಾಗಿ ಮಾಡಲಿ. ಹುಡುಗನು ದುಡಿಯುವನೋ, ಸಂಬಳವನ್ನು ಮನೆಗೆ ತರುವನೋ, ತಾಯಿಯ ಸಂಗಡ ಹೇಗೆ ಮಾತಾಡುವನು, ಸಂಜೆಗೆ ಎಲ್ಲಿ ಕೂಡ್ರುವನು ಎಂದು ಕೇಳಲಿ. ಅದು ಮಗಳಿಗೆ ತಂದೆಯು ಸಲ್ಲಿಸತಕ್ಕ ಋಣ. ಆದರೆ ಹುಡುಗನ ವಿಷಯದಲ್ಲಿ ಕೇಳಿದ ಪ್ರಶ್ನೆಗೆ ಅವನ ತಂದೆಯ ಕಥೆಯನ್ನು ಉತ್ತರವಾಗಿ ತೆಗೆದುಕೊಳ್ಳದಿರಲಿ. ಉಪಾಧ್ಯಾಯರು ಹಿಂದೆ ಬಿದ್ದ ಮಗುವಿನ ಮನೆತನವನ್ನು ಎಣಿಸುವ ಮೊದಲು, ಅದು ಬೆಳಿಗ್ಗೆ ಏನಾದರೂ ಉಂಡು ಬಂದಿದೆಯೋ, ಮನೆಯಲ್ಲಿ ಓದುವದಕ್ಕೆ ದೀಪವಿದೆಯೋ ಎಂದು ವಿಚಾರಿಸಲಿ. ಸಭೆಯ ಹಿರಿಯರು ರೋಗಿಯ ಮನೆಗೆ ಹೋದಾಗ ಗಾದೆಯನ್ನು ಹೊಸ್ತಿಲ ಹೊರಗೆ ಬಿಟ್ಟು ಹೋಗಲಿ.

ಹುಟ್ಟಿನ ಕೊಳಗದಿಂದ ಅಳೆಯಲ್ಪಟ್ಟವರ ಮೊಮ್ಮಕ್ಕಳಿಗೆ ಆ ಕೊಳಗವನ್ನು ಒಡೆಯುವ ಹಕ್ಕು ಎಲ್ಲರಿಗಿಂತಲೂ ಹೆಚ್ಚಾಗಿ ಉಂಟು. ಅದನ್ನು ಮೊದಲು ನಮ್ಮ ನಮ್ಮ ಮನೆಗಳಲ್ಲಿ ಒಡೆಯೋಣ.